ಪಾಲಾದ ರಾಜ್ಯ, ಪಾಲಾಗದ ಬಲಿಪೀಠ

(ಶತಮಾನೋತ್ಸವದ ಅಂಗವಾಗಿ ಮಾಡಿದ ಉಪನ್ಯಾಸ)



ನಮ್ಮ ದೇವಾಲಯದ ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಪೋಲೆಂಡ್ ದೇಶದ ಹಳೆಯ ಅರಸರ ಮಾತೇಕೆ ಎಂದು ತಾವು ಕೇಳಬಹುದು. 1986ರ ಫೆಬ್ರವರಿ 6ರಂದು ಮಂಗಳೂರಿಗೆ ದಯಮಾಡಿಸಿದ ಪೋಪ್ ಎರಡನೆಯ ಜಾನ್ ಪಾಲ್ ಅವರು ಆ ನಾಡಿನವರು. ಅವರು ಜಗದ್ಗುರುಗಳಾಗಿ ಆಯ್ಕೆಯಾದ 1978ರ ಅಕ್ಟೋಬರ್ 16, ಸೈಲೀಷಿಯದ ಸಂತ ಹೆಡ್ವಿಗಳ ಹಬ್ಬದ ದಿನ. ಆ ಪುಣ್ಯವತಿ ಬಾಳಿದ್ದು ದಾಯಾದಿ ಕಲಹದ ಕಾಲದಲ್ಲಿ. ಆದುದರಿಂದ ಆ ಚರಿತ್ರೆ ನಮಗೆ ಅಷ್ಟೇನೂ ದೂರದ್ದಲ್ಲ.

ಪೋಲೆಂಡನ್ನು ಆಳಿದ ಮೂರನೆಯ ಬೊಲೆಸ್ಲಾವನು ಪಟ್ಟಕ್ಕಾಗಿ ತನ್ನ ಮಲಸಹೋದರ ಜ್ಬಿಗ್ನಿಯೆವನೊಡನೆ ಕಾದಾಡಿ, ಅವನ ಕಣ್ಣುಗಳನ್ನೇ ತೆಗೆಸಿದವನು. ಆ ಪಾಪಕ್ಕಾಗಿ ಬಹಿರಂಗವಾಗಿ ಪ್ರಾಯಶ್ಚಿತ್ತವನ್ನೂ ಮಾಡಿಕೊಂಡನು. ತನ್ನ ಮಕ್ಕಳಿಗೆ ಆ ಗತಿ ಬಾರದಿರಲೆಂದು ರಾಜ್ಯವನ್ನು ಅವರಲ್ಲಿ ಹಂಚಿ, ಹಿರಿಯನಾದವನು ಕ್ರಾಕೋವಿನಲ್ಲಿ ಕುಳಿತು ಉಳಿದವರಿಗೆ ಮೇಲಾಳಾಗಿರತಕ್ಕದ್ದೆಂದು ಕಟ್ಟುಮಾಡಿ, 1138ರಲ್ಲಿ ತೀರಿಕೊಂಡನು.

ತಂದೆಯ ವಿವೇಕ ಮಕ್ಕಳಿಗೆ ದಕ್ಕಲಿಲ್ಲ. ಹಿರಿಯನಾದ ವ್ಲಾದಿಸ್ಲಾವನು ತಮ್ಮಂದಿರ ಪಾಲಿಗೆ ಕೈಯಿಕ್ಕಿದನು. ಗ್ನೀಜ್ನೊದ ಮಹಾಧರ್ಮಾಧ್ಯಕ್ಷರು ಅವನಿಗೆ ಬಹಿಷ್ಕಾರ ವಿಧಿಸಿದರು. ತಮ್ಮಂದಿರು 1146ರಲ್ಲಿ ಅವನನ್ನು ದೇಶದಿಂದಲೇ ಹೊರಹಾಕಿದರು. ತಂದೆಯಿಂದ ಏನೊಂದೂ ಪಾಲು ದೊರೆಯದಿದ್ದ ಕಿರಿಯವ ಕಾಜಿಮಿರನು 1177ರಲ್ಲಿ ಅಣ್ಣ ಮಿಯೆಶ್ಕೊನನ್ನು ಕೆಳಗಿಳಿಸಿ ಕ್ರಾಕೋವನ್ನು ವಶಪಡಿಸಿಕೊಂಡನು. ಆದರೆ 1180ರಲ್ಲಿ ಇದೇ ಕಾಜಿಮಿರನ ಸಮ್ಮುಖದಲ್ಲಿ ಲೆಂಚಿತ್ಸದಲ್ಲಿ ಧರ್ಮಾಧ್ಯಕ್ಷರ ಸಭೆ ಸೇರಿತು. ರೈತರ ಧಾನ್ಯವನ್ನು ಕಸಿಯುವವರಿಗೂ, ಅವರ ಕುದುರೆಗಳನ್ನು ಬಿಟ್ಟಿಗೆ ಹಿಡಿಯುವವರಿಗೂ, ಮೃತರಾದ ಧರ್ಮಾಧ್ಯಕ್ಷರ ಆಸ್ತಿಯನ್ನು ದೋಚುವವರಿಗೂ ಅಲ್ಲಿ ಬಹಿಷ್ಕಾರ ಸಾರಲಾಯಿತು. ಅರಸರ ಜಗಳದಲ್ಲಿ ಮೊದಲು ಸೊರಗುವುದು ಬಡವನ ಕಣಜವೆಂಬುದನ್ನು ಧರ್ಮಸಭೆ ಅರಿತಿತ್ತು.

ಹೆಡ್ವಿಗಳು ಸೈಲೀಷಿಯದ ದೊರೆಯಾದ, ಗಡ್ಡದ ಹೆನ್ರಿಯೆಂದು ಹೆಸರಾದವನ ಪತ್ನಿ. ಆ ಹೆನ್ರಿ ಹೊರದೂಡಲ್ಪಟ್ಟ ವ್ಲಾದಿಸ್ಲಾವನ ಮೊಮ್ಮಗನು. ದಂಪತಿಗಳು 1202ರಲ್ಲಿ ತ್ಶೆಬ್ನಿತ್ಸದಲ್ಲಿ ಸಿಸ್ಟರ್ಸಿಯನ್ ಕನ್ಯಾಮಠವನ್ನು ಸ್ಥಾಪಿಸಿದರು. 1229ರಲ್ಲಿ ಕ್ರಾಕೋವಿನ ವ್ಯಾಜ್ಯದಲ್ಲಿ ಕಾಜಿಮಿರನ ಮಗ, ಮಜೋವಿಯದ ಕೊನ್ರಾಡನು ಹೆನ್ರಿಯನ್ನು ಸೆರೆಹಿಡಿದನು. ತಂದೆಯನ್ನು ಬಿಡಿಸಲು ಮಗನು ದಂಡು ಕೂಡಿಸತೊಡಗಿದನು. ಆಗ ಹೆಡ್ವಿಗಳು ಯುದ್ಧಕ್ಕೆ ಎಡೆಗೊಡದೆ, ತಾನೇ ಹೊರಟು ಕೊನ್ರಾಡನ ಎದುರು ನಿಂತಳು. ಹೆನ್ರಿ ಕ್ರಾಕೋವಿನ ಹಕ್ಕನ್ನು ಬಿಟ್ಟುಕೊಟ್ಟು ಬಿಡುಗಡೆ ಹೊಂದಿದನು. ಅವಳ ಮೊಮ್ಮಕ್ಕಳಿಬ್ಬರು ಕೊನ್ರಾಡನ ಮನೆಗೆ ಸೊಸೆಯರಾಗಿ ಹೋದರು. ಕತ್ತಿ ಸಾಧಿಸದುದನ್ನು ಒಬ್ಬ ತಾಯಿಯ ಕಾಲ್ನಡಿಗೆ ಸಾಧಿಸಿತು.

ದುಃಖ ಮಾತ್ರ ಅವಳನ್ನು ಬಿಡಲಿಲ್ಲ. 1238ರಲ್ಲಿ ಪತಿ ಗತಿಸಿದನು. 1241ರ ಏಪ್ರಿಲ್ 9ರಂದು ಲೆಗ್ನಿತ್ಸದ ಬಳಿ ಮಂಗೋಲರ ದಂಡಿಗೆ ಎದುರಾಗಿ ಮಗ ಎರಡನೆಯ ಹೆನ್ರಿ ಮಡಿದನು. ವೈರಿಗಳು ಅವನ ರುಂಡವನ್ನು ಈಟಿಗೆ ಸಿಕ್ಕಿಸಿ ಮೆರೆಸಿದರು. ಹೆತ್ತ ಮಕ್ಕಳಲ್ಲಿ ಕೊನೆಗೆ ಉಳಿದವಳು ಮಠದ ಅಧ್ಯಕ್ಷೆಯಾಗಿದ್ದ ಗೆರ್ತ್ರೂದ್ ಒಬ್ಬಳೇ. 1243ರಲ್ಲಿ ಆ ಮಠದಲ್ಲಿಯೇ ಹೆಡ್ವಿಗಳು ಕಣ್ಮುಚ್ಚಿದಳು. 1267ರಲ್ಲಿ ಪೋಪ್ ನಾಲ್ಕನೆಯ ಕ್ಲೆಮೆಂಟ್ ಅವರು ಅವಳನ್ನು ಸಂತಪದವಿಗೇರಿಸಿದರು. ಅಷ್ಟರಲ್ಲಿ ಅವಳ ಮೊಮ್ಮಕ್ಕಳು ಸೈಲೀಷಿಯವನ್ನೇ ಮತ್ತೆ ಹೋಳು ಮಾಡಿಕೊಂಡಿದ್ದರು!

ಇಷ್ಟು ಹೋಳಾದರೂ ಆ ಜನ ಒಂದು ನಾಡೆಂಬುದನ್ನು ಮರೆಯಲಿಲ್ಲವೇಕೆ? ಅರಸರು ಹಲವರಿದ್ದರೂ, ಗ್ನೀಜ್ನೊದ ಮಹಾಧರ್ಮಪ್ರಾಂತ ಒಂದೇ ಆಗಿ ಉಳಿಯಿತು. 1079ರಲ್ಲಿ ಅರಸನ ಕೋಪಕ್ಕೆ ಬಲಿಯಾದ ಕ್ರಾಕೋವಿನ ಧರ್ಮಾಧ್ಯಕ್ಷ ಸ್ತಾನಿಸ್ಲಾವರಿಗೆ 1253ರಲ್ಲಿ ಸಂತಪದವಿ ದೊರೆಯಿತು. ತುಂಡರಿಸಲ್ಪಟ್ಟ ಅವರ ದೇಹ ಮತ್ತೆ ಕೂಡಿಕೊಂಡಿತೆಂಬ ಐತಿಹ್ಯದಲ್ಲಿ ಜನರು ತಮ್ಮ ನಾಡಿನ ಭವಿಷ್ಯವನ್ನು ಕಂಡರು. 1295ರಲ್ಲಿ ಗ್ನೀಜ್ನೊದಲ್ಲಿ ಕಿರೀಟ ಧರಿಸಿದ ಪ್ಶೆಮಿಸ್ಲಾವನು ಮರುವರ್ಷವೇ ಕೊಲೆಯಾದನು. ಕಡೆಗೆ 1320ರ ಜನವರಿ 20ರಂದು, 'ಮೊಳ' ಎಂಬರ್ಥದ ಅಡ್ಡಹೆಸರಿನ ವ್ಲಾದಿಸ್ಲಾವ್ ಲೊಕಿಯೆತೆಕನಿಗೆ ಕ್ರಾಕೋವಿನ ಪ್ರಧಾನಾಲಯದಲ್ಲಿ ಗ್ನೀಜ್ನೊದ ಮಹಾಧರ್ಮಾಧ್ಯಕ್ಷ ಯಾನಿಸ್ಲಾವರು ಕಿರೀಟವಿಟ್ಟರು. ಸೈಲೀಷಿಯವೂ ಮಜೋವಿಯವೂ ಇನ್ನೂ ಹೊರಗೇ ಉಳಿದಿದ್ದವಾದರೂ, ರಾಜ್ಯವೆಂಬುದು ಮತ್ತೆ ತಲೆಯೆತ್ತಿತು. ತಂದೆ ಪಾಲು ಮಾಡಿದಂದಿನಿಂದ ಅಂದಿಗೆ 182 ವರ್ಷಗಳು ಸಂದಿದ್ದವು.

ಬಂಧುಗಳೇ, ಪಾಲಾಗುವುದು ಪಾಪವಲ್ಲ. ಮಕ್ಕಳು ಬೆಳೆದಂತೆ ಮನೆ ಬೇರೆಯಾಗುತ್ತದೆ, ಒಲೆ ಬೇರೆಯಾಗುತ್ತದೆ. ಆದರೆ ಒಂದೇ ಬಲಿಪೀಠದ ಮುಂದೆ ಮೊಣಕಾಲೂರಿ ಪರಮಪ್ರಸಾದ ಸ್ವೀಕರಿಸುವ ಅಣ್ಣತಮ್ಮಂದಿರು, ಗದ್ದೆಯ ಬದುವಿನಲ್ಲಿ ಎದುರಾದಾಗ ಮುಖ ತಿರುಗಿಸಿ ಹೋಗುವುದನ್ನು ನಾವು ಕಂಡಿಲ್ಲವೆ? ನಮ್ಮ ಹಿರಿಯರು ಈ ದೇವಾಲಯವನ್ನು ಕಟ್ಟಿದಾಗ ಯಾರ ಪಾಲು ಎಷ್ಟೆಂದು ಕಲ್ಲಿನ ಮೇಲೆ ಗೆರೆ ಹಾಕಲಿಲ್ಲ. ಈ ನೂರನೆಯ ವರ್ಷದಲ್ಲಿ ನಮ್ಮಲ್ಲಿ ಒಬ್ಬರಾದರೂ ಹೆಡ್ವಿಗಳಂತೆ ತಾವಾಗಿಯೇ ಹೊರಟು, ಮಾತು ಬಿಟ್ಟ ಮನೆಯ ಹೊಸ್ತಿಲಲ್ಲಿ ನಿಂತರೆ, ಈ ಉತ್ಸವ ಸಾರ್ಥಕವಾದೀತು.

ದೇವರು ನಮ್ಮೆಲ್ಲರನ್ನೂ ಹರಸಲಿ.