ಒಂದೇ ರೂಟರ್, ಎರಡು ವಿಪಿಎನ್

ಅವತ್ತು 20ನೇ ತಾರೀಖು, ಜಿಎಸ್‌ಟಿಆರ್-3ಬಿ ಸಲ್ಲಿಸೋಕೆ ಕೊನೇ ದಿನ. ನಾನೂ ಅಕ್ಕನೂ ಮನೆಯಲ್ಲೇ ಕೂತು ಒಂದೇ ಆಫೀಸಿನ ಲೆಕ್ಕ ನೋಡ್ತಿದ್ವಿ. ಲೆಕ್ಕ ಇದ್ದದ್ದು ಆಫೀಸ್ ಸರ್ವರ್‌ನಲ್ಲಿ. ನಾನು ವಿಪಿಎನ್ ಆನ್ ಮಾಡಿದ್ರೆ ಅವಳದ್ದು ಕಟ್, ಅವಳು ಮಾಡಿದ್ರೆ ನನ್ನದು ಕಟ್. 'ನೀನೇ ಏನೋ ಡೌನ್‌ಲೋಡ್‌ಗೆ ಹಾಕಿದ್ದೀಯ' ಅಂತ ಜಗಳ ಬೇರೆ.

ತಪ್ಪು ನಮ್ಮಿಬ್ಬರದೂ ಅಲ್ಲ, ಸ್ಪೀಡಿನದೂ ಅಲ್ಲ. ಹೊರಗಿನವರಿಗೆ ಇಡೀ ಮನೆಗೆ ಕಾಣೋದು ಒಂದೇ ಐಪಿ ವಿಳಾಸ. ವಾಪಸ್ ಬಂದ ಡೇಟಾ ಯಾರದು ಅಂತ ರೂಟರ್ ಪೋರ್ಟ್ ನಂಬರ್ ನೋಡಿ ಹಂಚುತ್ತೆ. ನಮ್ಮದು ಹಳೇ ಪಿಪಿಟಿಪಿ. ಅದರ ಡೇಟಾ ಹೋಗೋದು ಜಿಆರ್‌ಇ ಅನ್ನೋ ಲಕೋಟೆಯಲ್ಲಿ. ಅದರ ಮೇಲೆ ಪೋರ್ಟ್ ನಂಬರೇ ಇರಲ್ಲ. ಇಬ್ಬರೂ ಒಂದೇ ಸರ್ವರ್‌ಗೆ ಹೋದ್ರೆ ಕೆಲವು ರೂಟರ್‌ಗಳಿಗೆ ಗೊಂದಲ.

ಅವತ್ತು ನಾನು ಮೊಬೈಲ್ ಹಾಟ್‌ಸ್ಪಾಟ್ ಹಿಡಿದೆ, ರಿಟರ್ನ್ ಹೋಯ್ತು. ಆಮೇಲೆ ಆಫೀಸಿನವರು ಓಪನ್‌ವಿಪಿಎನ್ ಹಾಕಿದ್ರು. ಅದು, ವೈರ್‌ಗಾರ್ಡ್ ಎರಡೂ ಪೋರ್ಟ್ ಬಳಸುತ್ತವೆ. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇದ್ರೆ ಸಾಕು. ಐಪಿಸೆಕ್ ಆದ್ರೆ ನ್ಯಾಟ್ ಟ್ರಾವರ್ಸಲ್, ಅಂದ್ರೆ ಯುಡಿಪಿ 4500, ಆನ್ ಇದೆಯಾ ಕೇಳಿ. ಪಿಪಿಟಿಪಿ ಸುರಕ್ಷಿತವೂ ಅಲ್ಲ, ಬಿಟ್ಟುಬಿಡಿ.

ಹೊಸ ರೂಟರ್ ಕೊಳ್ಳೋ ಮುಂಚೆ, ಮನೆಯವರ ಮೇಲೆ ರೇಗೋ ಮುಂಚೆ, ನಿಮ್ಮ ವಿಪಿಎನ್ ಯಾವ ಬಗೆಯದು ಅಂತ ಒಮ್ಮೆ ನೋಡಿ. ಮತ್ತೆ ಸಿಗೋಣ.