ಒಂದು ಹೂವಿಗೆ ಮೂರು ವಿದ್ಯೆ

ಚಿತ್ರದುರ್ಗವೆಂದರೆ ಎಲ್ಲರ ಕಣ್ಣ ಮುಂದೆ ಮೊದಲು ಬರುವುದು ಕೋಟೆ. ಕೋಟೆಯ ಚಿತ್ರ ತೆಗೆಯುವುದು ಅಷ್ಟೇನೂ ಕಷ್ಟವಲ್ಲ. ಕಲ್ಲು ಅಲುಗಾಡುವುದಿಲ್ಲ, ಇಂದು ಬೆಳಕು ಸರಿಯಿಲ್ಲದಿದ್ದರೆ ನಾಳೆ ಹೋದರಾಯಿತು. ಆದರೆ ಊರಿನ ದಕ್ಷಿಣಕ್ಕಿರುವ ಜೋಗಿಮಟ್ಟಿಯನ್ನು ಹತ್ತಿ, ಮಳೆ ಬಿದ್ದ ಮೇಲೆ ಹುಲ್ಲಿನ ನಡುವೆ ಅರಳುವ ಒಂದು ವಿಷ್ಣುಕ್ರಾಂತಿಯನ್ನು ಚಿತ್ರದಲ್ಲಿ ಹಿಡಿಯಲು ಹೊರಟವರ ಪಾಡೇ ಬೇರೆ. ಅದು ಕಿರುಬೆರಳ ಉಗುರಿನಷ್ಟು ಅಗಲದ ನೀಲಿ ಹೂವು. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಗುಡ್ಡದ ಮೇಲಿನ ಗಾಳಿ ಅದನ್ನು ಒಂದು ಕ್ಷಣವೂ ನಿಲ್ಲಗೊಡುವುದಿಲ್ಲ. ಕೋಟೆ ಕಲಿಸದ್ದನ್ನು ಈ ಹೂವು ಕಲಿಸುತ್ತದೆ.

ಛಾಯಾಗ್ರಾಹಕರಲ್ಲಿ ಮೂರು ಪಂಗಡಗಳಿವೆ ಎಂಬುದು ಸಾಮಾನ್ಯ ತಿಳಿವಳಿಕೆ. ಫ್ಯಾಷನ್ ಚಿತ್ರ ತೆಗೆಯುವವರು ಒಂದು ಕಡೆ, ಆಟದ ಮೈದಾನದ ಅಂಚಿನಲ್ಲಿ ಕೂರುವವರು ಇನ್ನೊಂದು ಕಡೆ, ಕಾಡುಮೇಡು ಅಲೆಯುವವರು ಮತ್ತೊಂದು ಕಡೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಹಗುರವಾಗಿ ಕಾಣುವುದೂ ಉಂಟು. ನಿಜವಾಗಿ ನೋಡಿದರೆ ಇವು ಮೂರು ಕಸುಬುಗಳಲ್ಲ, ಒಂದೇ ಕಸುಬಿನ ಮೂರು ಪಾಠಗಳು. ಮೂರನ್ನೂ ಕಲಿಯಲು ಚಿತ್ರದುರ್ಗ ಜಿಲ್ಲೆಯ ಗಡಿ ದಾಟಬೇಕಾಗಿಲ್ಲ.

ಮೊದಲ ಪಾಠ ಬಟ್ಟೆಯದು. ಜಿಲ್ಲೆಯ ಉತ್ತರ ತುದಿಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ರೇಷ್ಮೆಯನ್ನು ಹಾಸಿಗೊಂದು, ಹೊಕ್ಕಿಗೊಂದು ಬಣ್ಣವಿಟ್ಟು ನೇಯ್ದರೆ ಸೆರಗು ಅಲುಗಿದಂತೆಲ್ಲ ಬಣ್ಣ ಬದಲಾಗುತ್ತದೆ. ಇಂಥ ಸೀರೆಗೆ ಎದುರಿನಿಂದ ಫ್ಲಾಷ್ ಹೊಡೆದರೆ ಜರಿ ಬೆಳ್ಳಗೆ ಸುಟ್ಟಂತಾಗುತ್ತದೆ, ರೇಷ್ಮೆ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಬಲ್ಲವರು ಸೀರೆ ಉಟ್ಟಾಕೆಯನ್ನು ಕಿಟಕಿಯ ಮಗ್ಗುಲಲ್ಲಿ ನಿಲ್ಲಿಸುತ್ತಾರೆ. ಒಂದು ಕಡೆಯಿಂದ ಓರೆಯಾಗಿ ಬೆಳಕು ಬೀಳುತ್ತದೆ. ಇನ್ನೊಂದು ಕಡೆ ಒಂದು ಬಿಳಿ ಬಟ್ಟೆ ಹಿಡಿದರೆ ನೆರಳು ತಿಳಿಯಾಗುತ್ತದೆ. ಆಗ ನೆರಿಗೆಯ ಭಾರ, ಬುಟ್ಟಾದ ಉಬ್ಬು, ನೂಲಿನ ಮಿರುಗು ಎಲ್ಲವೂ ಕಾಣುತ್ತವೆ. ಬೆಳಕನ್ನು ಹೊಂದಿಸಿಕೊಳ್ಳುವುದೇ ಫ್ಯಾಷನ್ ಛಾಯಾಗ್ರಾಹಕರ ವಿದ್ಯೆ.

ಎರಡನೆಯ ಪಾಠ ಓಟದ್ದು. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಂಥ ಯಾವುದೇ ಮೈದಾನದಲ್ಲಿ 100 ಮೀಟರನ್ನು 12 ಸೆಕೆಂಡಿನಲ್ಲಿ ಓಡುವ ಹುಡುಗಿಯನ್ನು ಎಣಿಸಿಕೊಳ್ಳಿ. ಕ್ಯಾಮೆರಾದ ಕಣ್ಣು ಸೆಕೆಂಡಿನ 60ನೇ ಒಂದು ಭಾಗ ತೆರೆದಿದ್ದರೂ ಅಷ್ಟರಲ್ಲಿ ಅವಳು ಸುಮಾರು 14 ಸೆಂಟಿಮೀಟರ್ ಮುಂದೆ ಹೋಗಿರುತ್ತಾಳೆ. ಚಿತ್ರದಲ್ಲಿ ಉಳಿಯುವುದು ಬರೀ ಮಸುಕು. 1000ನೇ ಒಂದು ಭಾಗಕ್ಕೆ ಇಳಿಸಿದರೆ ಆಕೆಯ ಚಲನೆ ಒಂದು ಸೆಂಟಿಮೀಟರಿಗೂ ಕಡಿಮೆ. ಆದರೆ ವೇಗವೊಂದೇ ಸಾಲದು. ಸೆಕೆಂಡಿಗೆ 20 ಚಿತ್ರ ತೆಗೆಯುವ ಇಂದಿನ ಕ್ಯಾಮೆರಾದಲ್ಲೂ ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಆಕೆ 40 ಸೆಂಟಿಮೀಟರ್ ದಾಟಿರುತ್ತಾಳೆ. ಗೆದ್ದ ಮುಖ ಆ ಸಂದಿಯಲ್ಲೇ ಜಾರಿಹೋಗಬಹುದು. ಕಂಡ ಮೇಲೆ ಗುಂಡಿ ಒತ್ತಿದರೆ ಆಗಲೇ ತಡವಾಗಿರುತ್ತದೆ. ಕಾಣುವುದಕ್ಕೆ ಮುಂಚೆಯೇ ಊಹಿಸಬೇಕು.

ಕಣ್ಣಿಗೆ ದಕ್ಕದ್ದು ಕ್ಯಾಮೆರಾಕ್ಕೆ ದಕ್ಕುತ್ತದೆ ಎಂಬುದನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಒಂದು ಕುದುರೆ. 1878ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನಿಟ್ಟು, ಓಡುವ ಕುದುರೆಯೇ ಅಡ್ಡ ಕಟ್ಟಿದ ದಾರಗಳನ್ನು ತುಳಿದು ಚಿತ್ರ ತೆಗೆಸಿಕೊಳ್ಳುವಂತೆ ಏರ್ಪಾಡು ಮಾಡಿದರು. ಓಟದ ನಡುವೆ ಕುದುರೆಯ ನಾಲ್ಕು ಗೊರಸುಗಳೂ ನೆಲ ಬಿಟ್ಟಿರುತ್ತವೆ ಎಂಬುದು ಆಗ ಸ್ಪಷ್ಟವಾಯಿತು.

ಈ ಎರಡು ಪಾಠಗಳನ್ನು ಒಂದಾಗಿಸಿದವರು ಹಂಗೇರಿಯ ಮಾರ್ಟಿನ್ ಮುಂಕಾಚಿ. ಅವರು ಕೈ ಪಳಗಿಸಿಕೊಂಡದ್ದು ಆಟೋಟದ ಚಿತ್ರಗಳಲ್ಲಿ. 1933ರಲ್ಲಿ ಅಮೆರಿಕದ 'ಹಾರ್ಪರ್ಸ್ ಬಜಾರ್' ಪತ್ರಿಕೆಗಾಗಿ ಫ್ಯಾಷನ್ ಚಿತ್ರ ತೆಗೆಯುವ ಕೆಲಸ ಬಂತು. ಅದುವರೆಗೆ ಇಂಥ ಚಿತ್ರಗಳಲ್ಲಿ ಹೆಣ್ಣುಮಕ್ಕಳು ಸ್ಟುಡಿಯೋದೊಳಗೆ ಬೊಂಬೆಗಳಂತೆ ನಿಲ್ಲುವುದೇ ರೂಢಿ. ಮುಂಕಾಚಿ ರೂಪದರ್ಶಿಯನ್ನು ಚಳಿಯ ಕಡಲತೀರದಲ್ಲಿ ಓಡಿಸಿದರು. ಹಾರುವ ಮೇಲುಡುಗೆಯ ಆ ಚಿತ್ರದಿಂದ ಫ್ಯಾಷನ್ ಛಾಯಾಗ್ರಹಣದ ದಾರಿಯೇ ತಿರುಗಿತು. ನಮ್ಮ ಕಡೆ ಇದೇ ಬೆಸುಗೆಯನ್ನು ಓದುಗರು ಕಂಡದ್ದು ಕೊಡಗಿನ ಅಶ್ವಿನಿ ನಾಚಪ್ಪ ಅವರ ಚಿತ್ರಗಳಲ್ಲಿ. 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಈ ಓಟಗಾರ್ತಿಯನ್ನು ಪತ್ರಿಕೆಗಳು 'ಭಾರತದ ಫ್ಲೋ-ಜೋ' ಎಂದು ಕರೆದದ್ದು ಓಟಕ್ಕೆ ಮಾತ್ರವಲ್ಲ, ಉಡುಗೆಯ ಸೊಗಸಿಗೂ.

ಮೂರನೆಯ ಪಾಠ ಕಾಯುವುದು. ಚಿತ್ರದುರ್ಗದಿಂದ ಬಹಳ ದೂರವೇನಲ್ಲದ ಸಂಡೂರಿನ ಎಂ.ವೈ. ಘೋರ್ಪಡೆ ಅವರನ್ನು ಇಲ್ಲಿ ನೆನೆಯಬೇಕು. ರಾಜಮನೆತನದಲ್ಲಿ ಹುಟ್ಟಿ, ದೇವರಾಜ ಅರಸರ ಸರ್ಕಾರದಲ್ಲಿ ಹಣಕಾಸು ಸಚಿವರಾಗಿದ್ದ ಘೋರ್ಪಡೆ ಕಪ್ಪು-ಬಿಳುಪಿನ ವನ್ಯಜೀವಿ ಚಿತ್ರಗಳಿಗೆ ಪ್ರಸಿದ್ಧರು. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ಸನ್‌ಲೈಟ್ ಅಂಡ್ ಶ್ಯಾಡೋಸ್', ಎಂದರೆ ಬಿಸಿಲು ಮತ್ತು ನೆರಳು. ಸಚಿವರೆಂದು ಆನೆ ಹತ್ತಿರ ಬರುವುದಿಲ್ಲ. ಕಾಡಿನಲ್ಲಿ ಅಧಿಕಾರ ನಡೆಯದು, ತಾಳ್ಮೆ ನಡೆಯುತ್ತದೆ.

ಈಗ ಜೋಗಿಮಟ್ಟಿಗೆ ಮರಳೋಣ. ಸುಮಾರು 3800 ಅಡಿ ಎತ್ತರದ ಈ ಬೆಟ್ಟ ಬಯಲುಸೀಮೆಯ ನಡುವೆ ಎದ್ದು ನಿಂತಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಿಗೆ ಚಾಚಿದ ಸುಮಾರು 100 ಚದರ ಕಿಲೋಮೀಟರ್ ಕಾಡು ಇಂದು ವನ್ಯಜೀವಿಧಾಮ. ಇದು ಮಳೆನೆರಳಿನ ನಾಡು. ಒಳ್ಳೆಯ ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹೂವಿನ ಋತು ಬಲು ಚಿಕ್ಕದು, ಆದ್ದರಿಂದ ಕಾಯಲೇಬೇಕು. ಗಾಳಿ ಬಿಡದೆ ಬೀಸುತ್ತದೆ, ಆದ್ದರಿಂದ ಓಟಗಾರ್ತಿಯ ಚಿತ್ರ ತೆಗೆಯುವ ಚುರುಕು ಬೇಕು. ನೆತ್ತಿಯ ಬಿಸಿಲು ತುಂಬೆಯ ಬಿಳುಪನ್ನು ಜರಿಯಂತೆಯೇ ಸುಡುತ್ತದೆ, ಆದ್ದರಿಂದ ಓರೆಬೆಳಕನ್ನು ಹುಡುಕಬೇಕು, ಇಲ್ಲವೇ ಬಿಳಿ ಬಟ್ಟೆಯ ಮರೆ ಹಿಡಿಯಬೇಕು. ಮೂರು ವಿದ್ಯೆಯೂ ಒಂದೇ ಹೂವಿನ ಮುಂದೆ ಕೆಲಸಕ್ಕೆ ಬರುತ್ತವೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ರೂಪದರ್ಶಿಗೆ ಕೂಲಿ ಸಿಗುತ್ತದೆ, ಓಟಗಾರ್ತಿಗೆ ಹೆಸರು ಸಿಗುತ್ತದೆ. ಬೇಡವೆಂದರೆ ಇಬ್ಬರೂ ಮುಖ ತಿರುಗಿಸಬಲ್ಲರು. ಹೂವಿಗೆ ಆ ಸ್ವಾತಂತ್ರ್ಯವಿಲ್ಲ. ಗೌರಿ ಹೂವನ್ನೇ ನೋಡಿ. ಗೌರಿ ಹಬ್ಬದ ಸುಮಾರಿಗೆ ಕುರುಚಲು ಕಾಡುಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಇದರ ಎಸಳು ಮೊದಲು ಹಸಿರುಹಳದಿ, ದಿನ ಕಳೆದಂತೆ ಕಡುಗೆಂಪು. ಎಲೆಗಳ ತುದಿ ಕುಡಿಯಂತೆ ಸುರುಳಿ ಸುತ್ತಿ ಪಕ್ಕದ ಪೊದೆಯನ್ನು ಹಿಡಿದುಕೊಂಡೇ ಬಳ್ಳಿ ಮೇಲೇರುತ್ತದೆ. ಚಿತ್ರಕ್ಕೆ ಅಡ್ಡ ಬಂತೆಂದು ಆ ಪೊದೆಯ ಕಡ್ಡಿಗಳನ್ನು ಮುರಿದವರು ಚೊಕ್ಕ ಚಿತ್ರವೊಂದನ್ನು ಪಡೆಯುತ್ತಾರೆ, ನಿಜ. ಅವರು ಇಳಿದುಹೋದ ಮೇಲೆ ಆಸರೆ ಕಳೆದುಕೊಂಡ ಬಳ್ಳಿ ಗಾಳಿಗೆ ನೆಲ ಹಿಡಿಯುತ್ತದೆ. ಬೀಜ ಕಟ್ಟುವ ಮೊದಲೇ ಅದು ತುಳಿತಕ್ಕೆ ಸಿಕ್ಕರೆ ಮುಂದಿನ ವರ್ಷದ ಬಳ್ಳಿಗಳಿಗೂ ಅದೇ ಪೆಟ್ಟು.

ಚಿತ್ರವೂ ಒಂದು ಕಾಲುದಾರಿಯೇ. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಗಳಲ್ಲಿ ನೀಲಕುರಿಂಜಿ ಅರಳಿದಾಗ ಚಿತ್ರ ನೋಡಿ ಮರುಳಾದ ಜನ ತಂಡೋಪತಂಡವಾಗಿ ಹರಿದುಬಂದರು. ಒಬ್ಬರು ಹುಲ್ಲಿನಲ್ಲಿ ಇಟ್ಟ ಹೆಜ್ಜೆಯ ಮೇಲೆ ನೂರು ಜನ ನಡೆದರೆ ಅಲ್ಲಿ ಹುಲ್ಲೂ ಇಲ್ಲ, ಹೂವೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ವನ್ಯಜೀವಿಧಾಮದೊಳಗೆ ಚಿತ್ರ ತೆಗೆಯಲು ಅನುಮತಿ ಕೊಡುತ್ತದೆ, ಕಾಡನ್ನು ಕೆಡಿಸಲು ಕೊಡುವುದಿಲ್ಲ. ಆದರೆ ಮುರಿದ ಪ್ರತಿ ಕಡ್ಡಿಯ ಪಕ್ಕದಲ್ಲೂ ಅರಣ್ಯ ರಕ್ಷಕ ನಿಂತಿರಲು ಸಾಧ್ಯವಿಲ್ಲ. ಅಲ್ಲಿ ಇರುವವರು ಇಬ್ಬರೇ: ಕ್ಯಾಮೆರಾ ಹಿಡಿದವರು ಮತ್ತು ಹೂವು.

ಆದ್ದರಿಂದ ಬೆಳಕು, ವೇಗ, ತಾಳ್ಮೆಗಳ ಜೊತೆಗೆ ಜೋಗಿಮಟ್ಟಿಯಲ್ಲಿ ಇನ್ನೊಂದನ್ನೂ ಕಲಿಯಬೇಕಾಗುತ್ತದೆ. ಅಡ್ಡ ಬಂದ ಪೊದೆಯನ್ನು ಮುರಿಯುವ ಬದಲು ಕ್ಯಾಮೆರಾ ಹಿಡಿದವರೇ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಬಹುದು. ಅಲ್ಲಿಂದಲೂ ಚಿತ್ರ ಬಾರದಿದ್ದರೆ ಕ್ಯಾಮೆರಾವನ್ನು ಚೀಲಕ್ಕೆ ಹಾಕಿ ಸುಮ್ಮನೆ ನೋಡಿ ಬರುವುದೂ ಒಂದು ವಿದ್ಯೆಯೇ.