ಕೇಳುಗನ ವಿಳಾಸ ಕೇಳದ ಬಾನುಲಿ



ಹಜಾರದ ಮೇಜಿನ ಮೇಲೆ ರೇಡಿಯೋ ಹಾಡುತ್ತಿದ್ದ ಕಾಲವನ್ನು ತಮ್ಮಲ್ಲಿ ಅನೇಕರು ಕಂಡಿದ್ದೀರಿ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ಲೈಸೆನ್ಸು ಮಾಡಿಸಬೇಕಿತ್ತು. ಹಾಗಾಗಿ ಯಾರ ಮನೆಯಲ್ಲಿ ರೇಡಿಯೋ ಇದೆ ಎಂಬುದು ಸರ್ಕಾರಕ್ಕೆ ತಿಳಿದಿತ್ತು. ಆದರೆ ಆ ಮನೆಯವರು ಕೃಷಿರಂಗ ಕೇಳಿದರೋ, ಸಿಲೋನಿನ ಚಿತ್ರಗೀತೆ ಕೇಳಿದರೋ, ರಾತ್ರಿ ಬಿಬಿಸಿಗೆ ಮುಳ್ಳು ತಿರುಗಿಸಿದರೋ, ಅದು ಯಾರಿಗೂ ತಿಳಿಯುತ್ತಿರಲಿಲ್ಲ. 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದ ದಿನದಿಂದಲೂ ಬಾನುಲಿಯ ಗುಣ ಇದೇ. ಹೇಳುವವನಿಗೆ ಕೇಳುವವನು ಕಾಣುವುದಿಲ್ಲ. ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡು ಬರೆದು, ಅದರಲ್ಲಿ ಅಣ್ಣ, ತಂಗಿ, ಪಕ್ಕದ ಮನೆಯವರನ್ನೆಲ್ಲ ಸೇರಿಸಿ ಕಳಿಸಿದರೆ ಮಾತ್ರ ನಿಲಯಕ್ಕೆ ಹೆಸರು ಗೊತ್ತಾಗುತ್ತಿತ್ತು. ಅದೂ ಕೇಳುಗರು ತಾವಾಗಿ, ಸಂತೋಷದಿಂದ ಕೊಟ್ಟ ಹೆಸರು.

ಈಗ ಬಾನುಲಿಯ ಪಕ್ಕದಲ್ಲಿ ಪಾಡ್‌ಕಾಸ್ಟ್ ಬಂದು ಕುಳಿತಿದೆ. ಕಂತು ಕಂತಾಗಿ ಬರುವ ಧ್ವನಿ ಕಾರ್ಯಕ್ರಮಗಳನ್ನು ಮೊಬೈಲಿಗೆ ಇಳಿಸಿಕೊಂಡು, ಬಸ್ಸಿನಲ್ಲೋ ಅಡುಗೆಮನೆಯಲ್ಲೋ ಬೇಕೆಂದಾಗ ಕೇಳುವ ವ್ಯವಸ್ಥೆ ಇದು. ಕನ್ನಡದಲ್ಲೂ ‘ತಲೆ-ಹರಟೆ’ಯಂಥ ಪಾಡ್‌ಕಾಸ್ಟ್‌ಗಳು ಹುಟ್ಟಿಕೊಂಡಿವೆ. ಹಾಗಾದರೆ ಇಲ್ಲಿ ಕೇಳುಗ ಕಾಣುತ್ತಾನೆಯೇ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಕೇಳಲು ಬಳಸುವ ಆ್ಯಪ್ ಯಾವುದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಕಂಡರೇನಂತೆ ಎನ್ನುವವರೂ ಇದ್ದಾರೆ. ಒಬ್ಬಾಕೆ ಇದ್ದಾಳೆ ಎಂದಿಟ್ಟುಕೊಳ್ಳಿ. ಒಂದು ತಿಂಗಳಿಂದ ಆಕೆ ಸ್ತನ ಕ್ಯಾನ್ಸರ್ ಕುರಿತ ಕಂತುಗಳನ್ನು ಕೇಳುತ್ತಿದ್ದಾಳೆ. ನಡುವೆ ವಿಚ್ಛೇದನದ ಕಾನೂನಿನ ಬಗ್ಗೆ ಎರಡು ಕಂತು. ಒಂದು ಭಾಗವನ್ನು ಹಿಂದಕ್ಕೆ ಸರಿಸಿ ಮೂರು ಸಲ ಕೇಳಿದ್ದಾಳೆ. ಗಂಡನಿಗೆ, ತಾಯಿಗೆ ಇನ್ನೂ ಹೇಳದ ಸಂಗತಿ ಈ ಪಟ್ಟಿಯಲ್ಲಿದೆ. ಈ ಪಟ್ಟಿ ಆಕೆಯ ಹೆಸರಿನೊಡನೆ ಯಾವುದೋ ಸಂಸ್ಥೆಯ ಗಣಕದಲ್ಲಿ ಕುಳಿತಿರಬೇಕೇ ಎಂಬುದು ಈಗಿನ ಪ್ರಶ್ನೆ.

ಪಾಡ್‌ಕಾಸ್ಟ್ ಹುಟ್ಟಿದಾಗ ಇಂಥ ಪಟ್ಟಿಗೆ ಜಾಗವೇ ಇರಲಿಲ್ಲ. ಅದರ ಬೆನ್ನೆಲುಬು ಆರ್‌ಎಸ್‌ಎಸ್ ಎಂಬ ಒಂದು ಸರಳ ಮಾದರಿ. (ಹೆಸರು ಕೇಳಿ ನಾಗಪುರ ನೆನಪಾದರೆ ತಪ್ಪೇನಿಲ್ಲ; ಇದಕ್ಕೂ ಅದಕ್ಕೂ ಸಂಬಂಧವಿಲ್ಲ.) ಪಂಚಾಯಿತಿ ಕಚೇರಿಯ ನೋಟೀಸು ಬೋರ್ಡನ್ನು ನೆನಪಿಸಿಕೊಳ್ಳಿ. ಕಾರ್ಯಕ್ರಮ ಮಾಡಿದವರು ತಮ್ಮ ಸರ್ವರ್‌ನಲ್ಲಿ ಒಂದು ಅಕ್ಷರದ ಕಡತ ಇಡುತ್ತಾರೆ. ಅದರಲ್ಲಿ ಕಂತಿನ ಹೆಸರು, ದಿನಾಂಕ, ಧ್ವನಿ ಎಲ್ಲಿದೆ ಎಂಬ ವಿಳಾಸ ಇರುತ್ತದೆ. ಇದಕ್ಕೆ ಫೀಡ್ ಎನ್ನುತ್ತಾರೆ. ಕೇಳುಗನ ಆ್ಯಪ್ ಆಗಾಗ ಹೋಗಿ ಬೋರ್ಡು ನೋಡಿ ಬರುತ್ತದೆ, ಹೊಸ ಕಂತಿದ್ದರೆ ಇಳಿಸಿಕೊಳ್ಳುತ್ತದೆ. ವಾರಪತ್ರಿಕೆಯಾದರೆ ಚಂದಾದಾರರ ಪಟ್ಟಿ ಬೇಕು, ಮನೆ ವಿಳಾಸ ಬೇಕು. ನೋಟೀಸು ಬೋರ್ಡಿಗೆ ಓದುವವರ ಪಟ್ಟಿ ಬೇಕಿಲ್ಲ.

ಈ ಮಾದರಿಯ ಮೊದಲ ರೂಪ 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬಂತು. ಎಂಟಿವಿಯ ಮಾಜಿ ನಿರೂಪಕ ಆ್ಯಡಮ್ ಕರಿಯ ಒತ್ತಾಸೆಯಿಂದ ಡೇವ್ ವೈನರ್ ಎಂಬ ಅಮೆರಿಕದ ತಂತ್ರಾಂಶ ಪರಿಣತ 2000ದ ಡಿಸೆಂಬರಿನಲ್ಲಿ ಅದಕ್ಕೆ ಧ್ವನಿಯನ್ನು ಲಗತ್ತಿಸುವ ಸೌಲಭ್ಯ ಸೇರಿಸಿದ. 2003ರಲ್ಲಿ ಆತ ಮಾಡಿದ ಇನ್ನೊಂದು ಕೆಲಸ ಹೆಚ್ಚು ಮುಖ್ಯ. ಆರ್‌ಎಸ್‌ಎಸ್ 2.0ರ ಹಕ್ಕನ್ನು ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕೇಂದ್ರಕ್ಕೆ ಒಪ್ಪಿಸಲಾಯಿತು, ಯಾರು ಬೇಕಾದರೂ ಬಳಸಬಹುದೆಂಬ ಪರವಾನಗಿಯೂ ಜೊತೆಗೇ ಬಂತು. ಊರಬಾವಿಯ ಹಾಗೆ, ಯಾರ ಕೊಡವೂ ಇಳಿಯಬಹುದು. ‘ಪಾಡ್‌ಕಾಸ್ಟಿಂಗ್’ ಎಂಬ ಪದ 2004ರ ಫೆಬ್ರುವರಿಯಲ್ಲಿ ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ ಮೊದಲು ಕಾಣಿಸಿತು. 2005ರ ಜೂನ್‌ನಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ನಲ್ಲಿ ಪಾಡ್‌ಕಾಸ್ಟ್‌ಗಳ ಪಟ್ಟಿ ತೆರೆಯಿತು. ಆದರೆ ಧ್ವನಿ ಕಡತ ಮಾಡಿದವರ ಸರ್ವರ್‌ನಲ್ಲೇ ಉಳಿಯಿತು. ಊರಬಾವಿಯನ್ನು ತನ್ನದೆಂದವರೂ ಇದ್ದರು. ಪರ್ಸನಲ್ ಆಡಿಯೋ ಎಂಬ ಕಂಪನಿ ಪೇಟೆಂಟ್ ತೋರಿಸಿ ಪಾಡ್‌ಕಾಸ್ಟ್ ಮಾಡುವವರ ಮೇಲೆ ದಾವೆ ಹೂಡಿತು. ಅದರ ಹಕ್ಕುಸಾಧನೆ ನಿಲ್ಲುವುದಿಲ್ಲ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2017ರಲ್ಲಿ ಎತ್ತಿಹಿಡಿಯುವವರೆಗೆ ಹಲವರ ನಿದ್ದೆ ಕೆಟ್ಟಿತ್ತು.

ಹಾಗೆಂದು ಈ ವ್ಯವಸ್ಥೆಯಲ್ಲಿ ಏನೂ ಸೋರುವುದಿಲ್ಲ ಎಂದರೆ ಅದು ಸುಳ್ಳು. ಕಡತ ಇಳಿಸುವಾಗ ಅಂತರ್ಜಾಲದ ವಿಳಾಸ, ಹೊತ್ತು, ಬಳಸಿದ ಆ್ಯಪ್ ಯಾವುದೆಂಬ ಗುರುತು ಸರ್ವರ್‌ಗೆ ಸಿಗುತ್ತವೆ. ಜಾಹೀರಾತುದಾರರಿಗೆ ಲೆಕ್ಕ ಬೇಕಲ್ಲ! ಆ ಉದ್ಯಮದವರೇ ಒಪ್ಪಿಕೊಂಡ ನಿಯಮವೊಂದಿದೆ: ಒಂದು ನಿಮಿಷದಷ್ಟಾದರೂ ಧ್ವನಿ ಇಳಿದಿರಬೇಕು, ಒಂದೇ ವಿಳಾಸದಿಂದ, ಒಂದೇ ಬಗೆಯ ಆ್ಯಪ್‌ನಿಂದ 24 ಗಂಟೆಯೊಳಗೆ ಎಷ್ಟು ಸಲ ಬಂದರೂ ಒಂದೇ ಎಣಿಕೆ. ಒಂದೇ ಸಂಪರ್ಕದಲ್ಲಿರುವ ಹಾಸ್ಟೆಲಿನ ಹುಡುಗರೆಲ್ಲ ಒಂದೇ ಬಗೆಯ ಫೋನಿನಲ್ಲಿ, ಒಂದೇ ಆ್ಯಪ್‌ನಲ್ಲಿ ಕೇಳಿದರೆ ಲೆಕ್ಕಕ್ಕೆ ಒಬ್ಬನೇ ಆಗಿಬಿಡಬಹುದು. ಇಳಿಸಿಕೊಂಡವನು ಕೇಳಿದನೋ ಇಲ್ಲವೋ ಎಂಬುದು ಈ ಲೆಕ್ಕಕ್ಕೆ ತಿಳಿಯದು.

ಹಣ ಬಂದಂತೆ ಈ ಮಬ್ಬು ಸಾಲದಾಯಿತು. ಅನೇಕ ಕಾರ್ಯಕ್ರಮಗಳ ಫೀಡಿನಲ್ಲಿ ಧ್ವನಿಯ ವಿಳಾಸಕ್ಕೆ ಮುಂಚೆ ಅಳತೆ ಮಾಡುವ ಕಂಪನಿಯ ವಿಳಾಸ ಅಂಟಿಕೊಂಡಿತು. ಆ್ಯಪ್ ಮೊದಲು ಆ ಸುಂಕದಕಟ್ಟೆಗೆ ಹೋಗಿ, ಗುರುತು ಬಿಟ್ಟು, ಆಮೇಲೆ ಕಾರ್ಯಕ್ರಮದ ಕಡೆಗೆ ಹೊರಳುತ್ತದೆ. ಕೇಳುಗನಿಗೆ ಇದರ ಸುಳಿವೇ ಇರುವುದಿಲ್ಲ. ಇಳಿಸುವ ಕ್ಷಣದಲ್ಲೇ ಕೇಳುಗನ ಊರು ಅಂದಾಜು ಮಾಡಿ ತಕ್ಕ ಜಾಹೀರಾತು ಹೊಲಿಯುವ ತಂತ್ರವೂ ಬಂತು. ಸ್ಪಾಟಿಫೈನ ದಾರಿ ಇನ್ನೂ ನೇರ. ಅದರ ಆ್ಯಪ್‌ನಲ್ಲಿ ಕೇಳಲು ಖಾತೆ ತೆರೆಯಬೇಕು. ಎಲ್ಲಿ ಶುರು, ಎಲ್ಲಿ ನಿಲುಗಡೆ, ಯಾವುದನ್ನು ಹಾರಿಸಿದಿರಿ ಎಂಬುದು ಖಾತೆಯೊಡನೆ ಸೇರುತ್ತದೆ. 2019ರಲ್ಲಿ ಅದು ಗಿಮ್ಲೆಟ್, ಆ್ಯಂಕರ್ ಕಂಪನಿಗಳನ್ನು ಕೊಂಡಿತು. 2020ರಲ್ಲಿ ಅಮೆರಿಕದ ಜನಪ್ರಿಯ ನಿರೂಪಕ ಜೋ ರೋಗನ್‌ನ ಕಾರ್ಯಕ್ರಮವನ್ನು ತನ್ನಲ್ಲಿ ಮಾತ್ರ ಕೇಳುವಂತೆ ಒಪ್ಪಂದ ಮಾಡಿಕೊಂಡಿತು. ವಿಚಿತ್ರವೆಂದರೆ, 2024ರ ಹೊಸ ಒಪ್ಪಂದದಲ್ಲಿ ಅದೇ ಕಾರ್ಯಕ್ರಮ ಬೇರೆ ಕಡೆಗೂ ಹೊರಟಿತು. ಬೇಲಿ ಹಾಕಿದರೆ ಕೇಳುಗರೂ ಕಡಿಮೆ ಎಂಬ ಲೆಕ್ಕ ಇದ್ದೀತು.

ಇಂಥ ದೊಡ್ಡವರ ನಡುವೆ ಒಬ್ಬಿಬ್ಬರು ಕುಳಿತು ಮಾಡುವ ಆ್ಯಪ್‌ಗಳೂ ಬದುಕಿವೆ. ಅಮೆರಿಕದ ಮಾರ್ಕೊ ಆರ್ಮೆಂಟ್ 2014ರಲ್ಲಿ ಹೊರತಂದ ‘ಓವರ್‌ಕಾಸ್ಟ್’ ಬಹುಪಾಲು ಒಬ್ಬನೇ ಮನುಷ್ಯನ ಕೆಲಸ. ಅದರಲ್ಲೂ ಜಾಹೀರಾತಿದೆ, ಆದರೆ ಕೇಳುತ್ತಿರುವ ಕಾರ್ಯಕ್ರಮದ ವಿಷಯ ನೋಡಿ ಹಾಕುವ ಜಾಹೀರಾತು. ಕೇಳುಗನ ಜಾತಕ ಬೇಕಿಲ್ಲ. ಅಮೆರಿಕದ ಸಾರ್ವಜನಿಕ ಬಾನುಲಿ ಎನ್‌ಪಿಆರ್ 2018ರ ಕೊನೆಗೆ ಒಂದು ಹೊಸ ಪದ್ಧತಿ ಮುಂದಿಟ್ಟಿತು. ಕಂತಿನೊಳಗೆ ಅಲ್ಲಲ್ಲಿ ಗುರುತು ಇಡುವುದು, ಕೇಳುಗ ಆ ಗುರುತು ದಾಟಿದಾಗ ಆ್ಯಪ್ ವರದಿ ಕಳಿಸುವುದು. ಉದ್ದೇಶ ಕೆಟ್ಟದಿರಲಿಲ್ಲ, ಜಾಹೀರಾತು ನಿಜಕ್ಕೂ ಕೇಳಿಸಿತೇ ಎಂದು ತಿಳಿಯುವುದು. ಆರ್ಮೆಂಟ್ ತನ್ನ ಆ್ಯಪ್‌ನಲ್ಲಿ ಇದಕ್ಕೆ ಅವಕಾಶವಿಲ್ಲ ಎಂದುಬಿಟ್ಟ. ಫೀಡನ್ನು ಓದುವ ಆ್ಯಪ್ ಕಾರ್ಯಕ್ರಮ ಮಾಡುವವರ ಸ್ವತ್ತಲ್ಲದ ಕಾರಣ ಆತ ಹಾಗೆ ಹೇಳಲು ಸಾಧ್ಯವಾಯಿತು. ಆ್ಯಂಡ್ರಾಯ್ಡ್ ಫೋನಿಗೆ ಸ್ವಯಂಸೇವಕರು ರೂಪಿಸಿರುವ ‘ಆಂಟೆನಾಪಾಡ್’ ಇದೆ. ಅದಕ್ಕೆ ಖಾತೆ ಬೇಡ, ಹಣ ಬೇಡ. ಒಳಗೆ ಏನು ನಡೆಯುತ್ತದೆಂದು ಬಲ್ಲವರು ಓದಿ ನೋಡಬಹುದು, ಅದರ ಮೂಲ ಸಂಕೇತ ಬಹಿರಂಗವಾಗಿದೆ.

ಈ ಸಣ್ಣವರ ದೌರ್ಬಲ್ಯವನ್ನೂ ಹೇಳಬೇಕು. ಹುಡುಕುವ ಪಟ್ಟಿಗಾಗಿ ಬಹಳ ಆ್ಯಪ್‌ಗಳು ವರ್ಷಗಟ್ಟಲೆ ಆ್ಯಪಲ್ಲನ್ನೇ ನೆಚ್ಚಿದ್ದವು. ಅದೇ ಆ್ಯಡಮ್ ಕರಿ, ಡೇವ್ ಜೋನ್ಸ್ ಜೊತೆ ಸೇರಿ 2020ರಲ್ಲಿ ‘ಪಾಡ್‌ಕಾಸ್ಟ್ ಇಂಡೆಕ್ಸ್’ ಎಂಬ ಬಹಿರಂಗ ಪಟ್ಟಿ ಆರಂಭಿಸಿದ್ದು ಇದೇ ಅಂಜಿಕೆಯಿಂದ. ಬಾಗಿಲು ಕಾಯುವವರ ಮರ್ಜಿ ಇನ್ನೊಂದು. 2020ರ ಜೂನ್‌ನಲ್ಲಿ ಚೀನಾದ ಅಂತರ್ಜಾಲ ನಿಯಂತ್ರಣ ಆಡಳಿತ ಸೂಚಿಸಿದ್ದರಿಂದ ‘ಪಾಕೆಟ್ ಕಾಸ್ಟ್ಸ್’ ಮತ್ತು ‘ಕ್ಯಾಸ್ಟ್ರೊ’ ಆ್ಯಪ್‌ಗಳನ್ನು ಆ್ಯಪಲ್ ಅಲ್ಲಿನ ತನ್ನ ಮಳಿಗೆಯಿಂದ ತೆಗೆದುಹಾಕಿತು. ಮಾದರಿ ಎಷ್ಟು ಮುಕ್ತವಾಗಿದ್ದರೂ ಆ್ಯಪ್ ತಲುಪುವ ದಾರಿ ಒಂದೇ ಕೈಯಲ್ಲಿತ್ತು.

ದೊಡ್ಡವರೂ ಅಂಗಡಿ ಮುಚ್ಚುತ್ತಾರೆ. 2024ರಲ್ಲಿ ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪ್ ನಿಲ್ಲಿಸಿತು. ಆಗ ಕೇಳುಗರು ತಮ್ಮ ಪಟ್ಟಿಯನ್ನು ಓಪಿಎಂಎಲ್ ಎಂಬ ಪುಟ್ಟ ಕಡತದಲ್ಲಿ ಕಟ್ಟಿಕೊಂಡು ಬೇರೆ ಆ್ಯಪ್‌ಗೆ ಹೋಗಬಹುದಿತ್ತು. ಬಾಡಿಗೆ ಮನೆ ಬಿಟ್ಟರೂ ಪಾತ್ರೆಪಡಗ ಕೈಲಿರುವಂತೆ. ಕಾರ್ಯಕ್ರಮ ಮಾಡಿದವರೂ ಕೇಳುಗರನ್ನು ಕಳೆದುಕೊಳ್ಳಬೇಕಿರಲಿಲ್ಲ, ಫೀಡಿನ ವಿಳಾಸ ಬದಲಾಗಿರಲಿಲ್ಲ.

ಖಾಸಗಿತನದ ಮಾತು ಬಂದಾಗ ಭಾರತದಲ್ಲಿ ಮೊದಲು ನೆನಪಾಗುವ ಹೆಸರು ಕನ್ನಡನಾಡಿನದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. 2023ರಲ್ಲಿ ವೈಯಕ್ತಿಕ ಮಾಹಿತಿ ರಕ್ಷಣೆಗೆ ಕಾಯಿದೆಯೂ ಬಂತು. ಕಾಯಿದೆ ಬಹುಮಟ್ಟಿಗೆ ನಿಂತಿರುವುದು ಒಪ್ಪಿಗೆಯ ಮೇಲೆ. ಉದ್ದುದ್ದ ನಿಬಂಧನೆಯ ಕೆಳಗೆ ‘ಒಪ್ಪಿದ್ದೇನೆ’ ಎಂದು ಒತ್ತುವಾಗ ಎಷ್ಟು ಜನ ಓದುತ್ತಾರೆ ಎಂಬುದು ಎಲ್ಲರಿಗೂ ತಿಳಿದದ್ದೇ. ಸಂಗ್ರಹವೇ ಆಗದ ಪಟ್ಟಿಗೆ ಇಂಥ ಒಪ್ಪಿಗೆಯ ಗೊಡವೆ ಇಲ್ಲ.

ಈಗ ಕನ್ನಡದಲ್ಲಿ ಹೊಸದಾಗಿ ಮಾತಾಡಹೊರಟವರಲ್ಲಿ ಹಲವರು ಯೂಟ್ಯೂಬಿನಲ್ಲಿ ಮಾತ್ರ ಹಾಕಿ ಸುಮ್ಮನಾಗುತ್ತಾರೆ. ಜನ ಇರುವುದು ಅಲ್ಲೇ ಎಂಬ ಅವರ ಮಾತು ನಿಜ. ಆದರೆ ಆ ಮಾತುಗಳನ್ನು ಖಾತೆಯಿಲ್ಲದ ಆ್ಯಪ್‌ನಲ್ಲಿ ಕೇಳಬೇಕೆಂದವನು ಧ್ವನಿಯ ಫೀಡ್ ವಿಳಾಸ ಎಲ್ಲಿದೆ ಎಂದು ವಿಚಾರಿಸಿದರೆ, ಕೊಡಲು ಅವರ ಬಳಿ ಇರುವುದಿಲ್ಲ.